ಪರದೇಶದ ಅಡಿಗೆ, ಮನೆಯ ಪ್ರಯೋಗ

ಪರದೇಶದ ಅಡಿಗೆಯನ್ನು ಮನೆಯಲ್ಲಿ ಮಾಡಿನೋಡುವುದು ಬರಿಯ ಬಾಯಿಚಪಲವೆಂದು ಮೂಗು ಮುರಿಯುವವರುಂಟು. ವಿಜ್ಞಾನದ ವಿದ್ಯಾರ್ಥಿಗೆ ಅದು ಉತ್ತಮವಾದ ಪಾಠವೆಂಬುದು ನಮ್ಮ ಅಭಿಪ್ರಾಯ.

ರೋಮ್ ನಗರದ 'ಕಾಚೊ ಎ ಪೇಪೆ' ಎಂಬ ತಿನಿಸನ್ನು ತೆಗೆದುಕೊಳ್ಳೋಣ. ಪಾಸ್ತಾ, ಕುರಿಹಾಲಿನ ಪೆಕೊರಿನೊ ಚೀಸು, ಕರಿಮೆಣಸು, ಪಾಸ್ತಾ ಬೆಂದ ನೀರು: ಇಷ್ಟೇ ಸಾಮಗ್ರಿ. ಆದರೂ ಹೊಸಬರ ಕೈಯಲ್ಲಿ ಚೀಸು ನುಣುಪಾದ ಗೊಜ್ಜಾಗದೆ ಗಂಟುಗಟ್ಟುತ್ತದೆ. ಕಾರಣವೇನು? ಬಿಸಿ ಹೆಚ್ಚಿದಾಗ ಚೀಸಿನ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೀರಿನಲ್ಲಿರುವ ಪಿಷ್ಟವು ಅದನ್ನು ತಡೆಯುತ್ತದೆ. ಪಿಷ್ಟ ಎಷ್ಟಿರಬೇಕೆಂಬುದನ್ನು ಇಟಲಿಯ ಕೆಲವು ಭೌತವಿಜ್ಞಾನಿಗಳು ಅಳೆದು, 2025ರಲ್ಲಿ 'ಫಿಸಿಕ್ಸ್ ಆಫ್ ಫ್ಲೂಯಿಡ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಚೀಸಿನ ತೂಕದ ನೂರಕ್ಕೆ 1 ಭಾಗಕ್ಕಿಂತ ಕಡಿಮೆಯಾದರೆ ಗಂಟು. 2ರಿಂದ 3 ಭಾಗವಿದ್ದರೆ ನುಣುಪು. 4ನ್ನು ಮೀರಿದರೆ ಆರಿದೊಡನೆ ಗಟ್ಟಿ. ಮೊದಲು ನಗಿಸಿ ಬಳಿಕ ಚಿಂತನೆಗೆ ಹಚ್ಚುವ ಸಂಶೋಧನೆಗೆಂದು ಇರುವ ಇಗ್ ನೊಬೆಲ್ ಪಾರಿತೋಷಕ ಅದೇ ವರ್ಷ ಅವರಿಗೆ ಸಂದಿತು.

ಮಾಡುವ ಬಗೆ ಸುಲಭ. 5 ಗ್ರಾಂ ಕಾರ್ನ್‌ಫ್ಲೋರನ್ನು 50 ಗ್ರಾಂ ನೀರಿನಲ್ಲಿ ಕದಡಿ, ಗಂಜಿಯಂತಾಗುವವರೆಗೆ ಕಾಯಿಸಬೇಕು. ತುಸು ತಣ್ಣೀರು ಬೆರೆಸಿ ಆರಿಸಿ, 200 ಗ್ರಾಂ ತುರಿದ ಚೀಸಿನೊಡನೆ ಚೆನ್ನಾಗಿ ಕಲಸಿ, ಮೆಣಸಿನ ಪುಡಿ ಹಾಕಬೇಕು. ಬೇಯಿಸಿ ಬಸಿದ 300 ಗ್ರಾಂ ಪಾಸ್ತಾದ ಬಿಸಿ ಕೊಂಚ ಇಳಿದ ಮೇಲೆ ಎರಡನ್ನೂ ಬೆರೆಸಿದರಾಯಿತು.

ಈ ತತ್ತ್ವ ನಮಗೆ ಹೊಸದೇನೂ ಅಲ್ಲ. ಮಜ್ಜಿಗೆಹುಳಿ ಕುದಿಯುವಾಗ ಒಡೆಯದಿರಲೆಂದು ನೆನೆದ ಕಡಲೆಬೇಳೆಯನ್ನೋ ಅಕ್ಕಿಯನ್ನೋ ಅರೆದು ಸೇರಿಸುವುದು ವಾಡಿಕೆ. ಅಲ್ಲಿಯೂ ಪಿಷ್ಟದ ಕಾವಲೇ ಇದೆ. ಆದರೆ ಅಡಿಗೆ ಮಾಡುವವರ ಕೈ ಅಷ್ಟು ಪಳಗಿರುವುದರಿಂದ 'ಏಕೆ?' ಎಂಬ ಪ್ರಶ್ನೆಯೇ ನಮಗೆ ಹೊಳೆಯುವುದಿಲ್ಲ. ಪರದೇಶದ ಅಡಿಗೆಗೆ ಆ ಆಸರೆಯಿಲ್ಲ. ತೂಗಬೇಕು, ಅಳೆಯಬೇಕು, ಒಂದನ್ನು ಮಾತ್ರ ಬದಲಿಸಿ ಉಳಿದುದನ್ನು ಇದ್ದಂತೆಯೇ ಇಟ್ಟು ನೋಡಬೇಕು. ಪ್ರಯೋಗವೆಂದರೆ ಇದೇ ಅಲ್ಲವೆ?

ಪ್ರಯೋಗಶಾಲೆಯಲ್ಲಿ ಉತ್ತರವನ್ನು ಮೊದಲೇ ತಿಳಿದುಕೊಂಡು, ಅಂಕಿಗಳನ್ನು ಅದಕ್ಕೆ ಹೊಂದಿಸಿ ಬರೆಯುವ ಚಾಳಿ ನಮ್ಮಲ್ಲಿ ಬೇರೂರಿದೆ. ಬಾಣಲೆಯ ಮುಂದೆ ಆ ಆಟ ಸಾಗದು. ಗಂಟಾದುದನ್ನು ನುಣುಪೆಂದು ಬರೆದವನೇ ಅದನ್ನು ಉಣ್ಣಬೇಕಾಗುತ್ತದೆ. ಆದುದರಿಂದ ಹುಡುಗಿಯರೂ ಹುಡುಗರೂ ತಿಂಗಳಿಗೊಂದು ಇಂಥ ಅಡಿಗೆಯನ್ನು ಕೈಗೊಂಡು, ಕಂಡುದನ್ನು ಕಂಡಂತೆಯೇ ಬರೆದಿಡಲಿ. ಪೆಕೊರಿನೊ ದೊರೆಯದಿದ್ದರೆ ಬೇರೊಂದು ಗಟ್ಟಿ ಚೀಸಿನಲ್ಲಿ ಪಿಷ್ಟದ ಪ್ರಮಾಣ ಬದಲಾಗುವುದೇ ಎಂದು ಪರೀಕ್ಷಿಸಲಿ. ಅದಕ್ಕೆ ಪಠ್ಯಪುಸ್ತಕದ ಕೊನೆಯಲ್ಲಿ ಉತ್ತರವಿಲ್ಲ.