ಅಳತೆ ಮೊದಲು, ಲೆಕ್ಕ ಆಮೇಲೆ

ಪ್ರಥಮ ಪಿಯುಸಿ ಓದುವ ಮಕ್ಕಳಿಗೆ ಈ ಲೆಕ್ಕ ಕೊಡಿ: 0.03 ಗ್ರಾಂ ಮೆಗ್ನೀಸಿಯಂ ಪೂರ್ತಿಯಾಗಿ ಹೈಡ್ರೋಕ್ಲೋರಿಕ್ ಆಮ್ಲದೊಡನೆ ವರ್ತಿಸಿದರೆ ಎಷ್ಟು ಹೈಡ್ರೋಜನ್ ಬರುತ್ತದೆ? ತೂಕವನ್ನು 24.3ರಿಂದ ಭಾಗಿಸಿ, ಬಂದ ಮೋಲ್‌ಗಳನ್ನು 22.4 ಲೀಟರಿನಿಂದ ಗುಣಿಸಿ, ಸುಮಾರು 28 ಮಿಲಿಲೀಟರ್ ಎಂದು ಬರೆಯುತ್ತಾರೆ. ಪೂರ್ತಿ ಅಂಕ ಸಿಗುತ್ತದೆ. ಅದೇ ಪ್ರಯೋಗವನ್ನು ಬೆಂಗಳೂರಿನ ಲ್ಯಾಬಿನಲ್ಲಿ ಮಾಡಿ, ಅನಿಲವನ್ನು ನೀರಿನ ಮೇಲೆ ಸಂಗ್ರಹಿಸಿದರೆ ಅಳತೆಯ ನಳಿಗೆ ತೋರಿಸುವುದು 35 ಮಿಲಿಲೀಟರಿನ ಆಸುಪಾಸು. ಏಳು ಮಿಲಿಲೀಟರ್ ಹೆಚ್ಚು! ಈಗ ಆ ವಿದ್ಯಾರ್ಥಿ ಯಾವುದನ್ನು ನಂಬಬೇಕು?

ನಮ್ಮ ಶಾಲಾ ರಸಾಯನಶಾಸ್ತ್ರ ಈ ಪ್ರಶ್ನೆ ಏಳುವುದಕ್ಕೇ ಅವಕಾಶ ಕೊಟ್ಟಿಲ್ಲ ಎನ್ನುವುದು ನನ್ನ ತಕರಾರು. 22.4 ಎಂಬ ಸಂಖ್ಯೆ ಸೊನ್ನೆ ಡಿಗ್ರಿ ಸೆಲ್ಸಿಯಸ್, ಒಂದು ಅಟ್ಮಾಸ್ಫಿಯರ್ ಒತ್ತಡಕ್ಕೆ ಸೇರಿದ್ದು. 1982ರಲ್ಲಿ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ ಪ್ರಮಾಣಿತ ಒತ್ತಡವನ್ನು ಒಂದು ಬಾರ್‌ಗೆ ಇಳಿಸಿದ ಮೇಲೆ ಅದು 22.7 ಆಯಿತು. ಕರ್ನಾಟಕದ ಯಾವ ತರಗತಿಯೂ ಸೊನ್ನೆ ಡಿಗ್ರಿಯಲ್ಲಿ ನಡೆಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ 91 ಕಿಲೋಪಾಸ್ಕಲ್ ಹತ್ತಿರ, ಮಂಗಳೂರಿನಲ್ಲಿ 101. ಹಾಗಾಗಿ 27 ಡಿಗ್ರಿಯಲ್ಲಿ ಒಂದು ಮೋಲ್ ಅನಿಲ ಮಂಗಳೂರಿನಲ್ಲಿ ಹೆಚ್ಚುಕಡಿಮೆ 24.6 ಲೀಟರ್ ಜಾಗ ಹಿಡಿದರೆ ಬೆಂಗಳೂರಿನಲ್ಲಿ 27.4 ಲೀಟರ್ ಹಿಡಿಯುತ್ತದೆ. ನೀರಿನ ಮೇಲೆ ಸಂಗ್ರಹಿಸಿದಾಗ ಅದರೊಳಗೆ ನೀರಾವಿಯೂ ಬೆರೆತಿರುತ್ತದೆ; ಆ ಉಷ್ಣಾಂಶದಲ್ಲಿ ಆವಿಯ ಒತ್ತಡ ಸುಮಾರು 3.6 ಕಿಲೋಪಾಸ್ಕಲ್. ಇವೆಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದರೆ 35 ತಾನಾಗಿ ಬರುತ್ತದೆ. ಅಂದರೆ ನಳಿಗೆ ತೋರಿಸಿದ್ದೇ ನಿಜ. ಪುಸ್ತಕದ ಸಂಖ್ಯೆಯೂ ಸುಳ್ಳಲ್ಲ. ನಮ್ಮ ಊರಿನ ಗಾಳಿಗೆ ಅದು ಹೊಂದುವುದಿಲ್ಲ, ಅಷ್ಟೇ.

ಮೋಲ್ ಅರ್ಥವಾಗದಿರುವುದಕ್ಕೆ ಅವೊಗಾಡ್ರೋ ಸಂಖ್ಯೆ ಊಹೆಗೆ ಸಿಗದಷ್ಟು ದೊಡ್ಡದಾಗಿರುವುದೇ ಕಾರಣ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದೇ ಉಷ್ಣಾಂಶ, ಒಂದೇ ಒತ್ತಡದಲ್ಲಿ ಸಮಗಾತ್ರದ ಅನಿಲಗಳಲ್ಲಿ ಸಮಸಂಖ್ಯೆಯ ಅಣುಗಳಿರುತ್ತವೆ ಎಂದು ಅವೊಗಾಡ್ರೋ 1811ರಲ್ಲಿ ಹೇಳಿದಾಗ ಆ ಸಂಖ್ಯೆ ಎಷ್ಟೆಂದು ಅವರಿಗೇ ತಿಳಿದಿರಲಿಲ್ಲ. 1860ರಲ್ಲಿ ಕಾರ್ಲ್ಸ್‌ರೂಹ ಸಮ್ಮೇಳನದಲ್ಲಿ ಕನಿಟ್ಸಾರೋ ಪರಮಾಣು ತೂಕಗಳ ಗೊಂದಲ ಬಿಡಿಸುವ ದಾರಿ ತೋರಿಸಿದ್ದೂ ಅದಿಲ್ಲದೆಯೇ. ಅನಿಲಗಳ ಸಾಂದ್ರತೆಯನ್ನು ತೂಗಿ ನೋಡಿದ್ದರು, ಒಂದಕ್ಕೊಂದು ಹೋಲಿಸಿದ್ದರು, ಅಷ್ಟು ಸಾಕಾಯಿತು. ಅಣುಗಳ ಗಾತ್ರದ ಮೊದಲ ಅಂದಾಜು ಲೋಶ್ಮಿಟ್ ಅವರಿಂದ ಬಂದದ್ದು 1865ರಲ್ಲಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪೆರಿನ್ ಆ ಸಂಖ್ಯೆಯನ್ನು ಹಲವು ಪ್ರಯೋಗಗಳಿಂದ ಗಟ್ಟಿ ಮಾಡಿ, ಅದಕ್ಕೆ ಅವೊಗಾಡ್ರೋ ಹೆಸರಿಟ್ಟರು. ಅದು 6.02214076 × 10²³ ಎಂದು ಖಚಿತವಾಗಿ ನಿಗದಿಯಾದದ್ದು 2019ರಲ್ಲಿ. ಇಷ್ಟು ಪೀಳಿಗೆಗಳು ತೂಗಿ ತೂಗಿ ತಲುಪಿದ ಸಂಖ್ಯೆಯನ್ನು ನಾವು ಮೊದಲ ದಿನವೇ ಬಾಯಿಪಾಠಕ್ಕೆ ಕೊಡುತ್ತೇವೆ. ತೂಗಿದರೆ ಏನು ತಿಳಿಯುತ್ತದೆ ಎಂಬ ಕುತೂಹಲ ಹುಟ್ಟುವ ಮೊದಲೇ ಉತ್ತರ ಸಿಕ್ಕಿಬಿಟ್ಟಿರುತ್ತದೆ.

ಸಲಕರಣೆ ಎಲ್ಲಿದೆ ಎಂದು ಮೇಷ್ಟ್ರುಗಳು ಕೇಳುವುದು ಸಹಜ. 0.03 ಗ್ರಾಂ ತೂಗುವ ತಕ್ಕಡಿ ಎಷ್ಟೋ ಶಾಲೆಗಳಲ್ಲಿ ಇಲ್ಲ. ಆದರೆ ಅದು ಬೇಕಾಗಿಯೂ ಇಲ್ಲ. ಒಂದು ಮೀಟರ್ ಉದ್ದದ ಮೆಗ್ನೀಸಿಯಂ ಪಟ್ಟಿ ಸಾಮಾನ್ಯವಾಗಿ ಒಂದು ಗ್ರಾಂ ಹತ್ತಿರ ತೂಗುತ್ತದೆ. ಅದನ್ನು ಉಪ್ಪುಕಾಗದದಿಂದ ಉಜ್ಜಿ, ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಇಡಿಯಾಗಿ ತೂಗಿ, ಮೂರು ಸೆಂಟಿಮೀಟರ್ ಕತ್ತರಿಸಿದರೆ ಆ ತುಂಡಿನ ತೂಕ ಲೆಕ್ಕಕ್ಕೆ ಸಿಗುತ್ತದೆ. ತೂಗಲಾಗದ ಚಿಕ್ಕದನ್ನು ತೂಗಬಹುದಾದ ದೊಡ್ಡದರ ಮೂಲಕ ತಿಳಿಯುವ ಈ ಉಪಾಯವೇ ಮೋಲ್‌ನ ಜೀವಾಳ. ಕತ್ತರಿಸುವಾಗ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಶೇಕಡಾ ಮೂರರಷ್ಟು ತಪ್ಪು, ಅಂದರೆ ಒಂದು ಮಿಲಿಲೀಟರ್ ಅನಿಲ. ತಕ್ಕಡಿಯ ತಪ್ಪು ಅದಕ್ಕಿಂತಲೂ ಕಡಿಮೆ. ಹಾಗಾದರೆ ಏಳು ಮಿಲಿಲೀಟರಿನ ಅಂತರ ಕೈತಪ್ಪಿನಿಂದ ಬಂದದ್ದಿರಲಾರದು, ಬೇರೆ ಕಾರಣ ಹುಡುಕಬೇಕು. ಇಷ್ಟನ್ನು ಮಗು ತಾನೇ ಕಂಡುಕೊಂಡರೆ ಅದು ವಿಜ್ಞಾನ ಕಲಿತಂತೆ. ಸೂತ್ರಕ್ಕೆ ಸಂಖ್ಯೆ ತುಂಬಿಸುವ ನೂರು ಲೆಕ್ಕಗಳು ಇದನ್ನು ಕಲಿಸಲಾರವು.

ಸಿಇಟಿ, ನೀಟ್ ಪರೀಕ್ಷೆಗಳಿಗೆ ವೇಗ ಬೇಕು, ತುಂಬಿದ ತರಗತಿಗೆ ಸಮಯವಿಲ್ಲ ಎಂಬ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಲೆಕ್ಕದ ಅಭ್ಯಾಸ ಬೇಕೇ ಬೇಕು. ಆದರೆ ಮೇಷ್ಟ್ರ ಮೇಜಿನ ಮೇಲೆ ಒಂದೇ ಸಲ, ಒಂದು ಪೀರಿಯಡ್ಡಿನಲ್ಲಿ ಈ ಪ್ರಯೋಗ ನಡೆದರೂ ಮುಂದಿನ ಎಲ್ಲ ಲೆಕ್ಕಗಳ ಹಿಂದೆ ಒಂದು ವಸ್ತು, ಒಂದು ಕೋಣೆ, ಒಂದು ದಿನದ ಹವೆ ಇದೆ ಎಂಬುದು ತಲೆಯಲ್ಲಿ ಉಳಿಯುತ್ತದೆ.

ಅಳತೆಗೆ ಈಗಾಗಲೇ ಜಾಗವಿರುವ ಕಡೆಯೂ ನಾವದನ್ನು ಹಾಳುಮಾಡಿಕೊಂಡಿದ್ದೇವೆ. 3.15 ಗ್ರಾಂ ಆಕ್ಸಾಲಿಕ್ ಆಮ್ಲ ತೂಗಿ, 250 ಮಿಲಿಲೀಟರ್ ದ್ರಾವಣ ಮಾಡಿ, ಬ್ಯೂರೆಟ್ಟಿನಿಂದ ಟೈಟ್ರೇಷನ್ ಮಾಡುವುದು ಅದ್ಭುತವಾದ ಪಾಠ. ಆದರೆ ಮೊದಲ ರೀಡಿಂಗ್ ನೋಡಿ ಉಳಿದವನ್ನು ಅದಕ್ಕೆ ಸರಿಯಾಗಿ ರೆಕಾರ್ಡಿನಲ್ಲಿ ಬರೆಯುವ ರೂಢಿ ಬೆಳೆದಿದೆ. ಅದಕ್ಕೆ ಮಕ್ಕಳನ್ನು ದೂರಲಾರೆ. ಬರಬೇಕಾದ ಉತ್ತರಕ್ಕೆ ಎಷ್ಟು ಹತ್ತಿರ ಬಂದಿದ್ದಾರೆಂದು ನೋಡಿ ಅಂಕ ಕೊಡುವವರು ನಾವು. ಪ್ರಾಯೋಗಿಕ ಪರೀಕ್ಷೆಯ ಅಂಕವನ್ನೇ ಬದಲಿಸಬೇಕು. ಅಂದಿನ ಕೋಣೆಯ ಉಷ್ಣಾಂಶ, ಒತ್ತಡ ಬರೆದು, ತನಗೆ 35 ಏಕೆ ಬಂತೆಂದು ವಿವರಿಸಿದ ಹುಡುಗಿಗೆ ಪೂರ್ತಿ ಅಂಕ ಕೊಡಬೇಕು. ಬೆಂಗಳೂರಿನಲ್ಲಿ ಕೂತು 28 ಎಂದು ಬರೆದವರನ್ನು ಅದನ್ನು ಎಲ್ಲಿ ಓದಿಕೊಂಡಿರಿ, ನಳಿಗೆಯಲ್ಲೋ ಪುಸ್ತಕದಲ್ಲೋ ಎಂದು ಪ್ರೀತಿಯಿಂದಲೇ ಕೇಳಬೇಕು.