ಪುಕ್ಕಟೆ ಸಿಕ್ಕ ಕ್ಷಮೆ

‘ವಾರವಿಡೀ ಪಾಪ ಮಾಡು, ರವಿವಾರ ಚರ್ಚಿಗೆ ಹೋಗಿ ಸಾರಿ ಅನ್ನು, ಖಾತೆ ಚುಕ್ತಾ.’ ಆಫೀಸ್ ಕ್ಯಾಂಟೀನಿನಲ್ಲಿ ಈ ಜೋಕು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾನು ಕ್ರೈಸ್ತನಲ್ಲ. ಬಸವನ ಬಾಗೇವಾಡಿ ಸೀಮೆಯ ಮಸೂತಿಯವ. ಆದ್ರೂ ಹೇಳ್ತೀನಿ, ಈ ಜೋಕು ಹಳಸಿದ್ದು.

ಯಾಕಂದ್ರೆ ಈ ಪ್ರಶ್ನೆಯನ್ನು ಪೌಲನೇ ಎತ್ತಿದ್ದ. ರೋಮಾಪುರದವರಿಗೆ ಅವನು ಬರೆದ ಪತ್ರದ 6ನೇ ಅಧ್ಯಾಯ ಶುರುವಾಗೋದೇ ಅಲ್ಲಿಂದ: ಕೃಪೆ ಹೆಚ್ಚಲಿ ಅಂತ ಪಾಪ ಮಾಡ್ತಾ ಇರೋಣವೇ? ಬಿಲ್ಕುಲ್ ಇಲ್ಲ ಅಂತಾನೆ. ಅವನ ಪ್ರಕಾರ ಪಾಪ ಒಬ್ಬ ಧಣಿ, ಮನುಷ್ಯ ಅವನ ಆಳು. ನಮ್ಮ ದೇಶದ 1976ರ ಜೀತ ರದ್ದತಿ ಕಾಯ್ದೆ ಜೀತದಾಳನ್ನು ಬಿಡಿಸಿದ್ದಷ್ಟೇ ಅಲ್ಲ, ಅವನ ತಲೆ ಮೇಲಿದ್ದ ಜೀತದ ಸಾಲವನ್ನೂ ಅಳಿಸಿತು. ಆಳು ಒಂದು ಪೈಸೆ ಕಟ್ಟಲಿಲ್ಲ. ಹಂಗಂತ ‘ಸಾಲ ಹೋಯ್ತು, ಇನ್ನು ಮತ್ತೆ ಧಣಿ ಹೊಲಕ್ಕೆ ಹೋಗಿ ದುಡೀತೀನಿ’ ಅಂತ ಯಾವನಾದರೂ ಅಂತಾನೇನ್ರಿ?

ಕ್ಷಮೆಯನ್ನು ಅಗ್ಗ ಮಾಡಿದವರು ಚರ್ಚಿನೊಳಗೇ ಇದ್ದರು, ನಿಜ. ರೊಕ್ಕ ತಗೊಂಡು ಪಾಪವಿಮೋಚನೆ ಪತ್ರ ಮಾರಿದ್ದಕ್ಕೇ 1517ರಲ್ಲಿ ಲೂಥರ್ ಸಿಡಿದೆದ್ದ. ಬದುಕು ಬದಲಿಸದ ಅಗ್ಗದ ಕೃಪೆಯನ್ನು 1937ರಲ್ಲಿ ಝಾಡಿಸಿದ ಬಾನ್‌ಹಾಫರ್‌ನನ್ನು ಹಿಟ್ಲರನ ಆಡಳಿತ 1945ರಲ್ಲಿ ಗಲ್ಲಿಗೇರಿಸಿತು. ಅಂಥವನ ಮುಂದೆ ಈ ಕ್ಯಾಂಟೀನ್ ಜೋಕು ಹೇಳಿ ನೋಡ್ರಿ.

ನಮ್ಮ ಭಾಷೆಯನ್ನೇ ನೋಡಿ. ತಪ್ಪಿಗೂ ‘ಪಾಪ’, ಎಡವಿ ಬಿದ್ದವನನ್ನು ಕಂಡಾಗಲೂ ನಮ್ಮವ್ವನ ಬಾಯಲ್ಲಿ ‘ಅಯ್ಯ, ಪಾಪ’. ಕೃಪೆ ಅಂದ್ರೆ ಏನು ಅಂತ ಕನ್ನಡದವರಿಗೆ ಹೊಸದಾಗಿ ಕಲಿಸಬೇಕಿಲ್ಲ.

ಇನ್ನು ಜೋಕಿನ ಇನ್ನೊಂದು ಮುಖ. ಇದೇ ಮಂದಿ 2022ರ ನಮ್ಮ ರಾಜ್ಯದ ಮತಾಂತರ ಕಾಯ್ದೆಗೆ ಚಪ್ಪಾಳೆ ತಟ್ಟಿದವರು. ಅದರಲ್ಲಿ ‘ಆಮಿಷ’ದ ವ್ಯಾಖ್ಯೆ ಓದಿ: ಉಡುಗೊರೆ, ನೌಕರಿ, ಉಚಿತ ಶಿಕ್ಷಣದ ಜೊತೆಗೆ ಉತ್ತಮ ಜೀವನಶೈಲಿ, ದೇವರ ಅವಕೃಪೆಯ ಮಾತೂ ಸೇರಿದೆ. ಪಾಪ, ಕ್ಷಮೆ ಅಂತ ಬಾಯಿ ಬಿಟ್ಟರೆ ದೂರು ಕೊಡಲು ಇಷ್ಟು ಸಾಕು. 3ರಿಂದ 5 ವರ್ಷ ಜೈಲು. ಮತಾಂತರವಾದವರು ದಲಿತರೋ ಹೆಂಗಸರೋ ಆಗಿದ್ದರೆ 10 ವರ್ಷದವರೆಗೆ. ತಾನು ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡೋ ಹೊಣೆಯೂ ಆರೋಪಿಯದೇ. ಹಿಂದಿನ ಧರ್ಮಕ್ಕೆ ಮರಳಿದರೆ ಮಾತ್ರ ಅದು ಮತಾಂತರವೇ ಅಲ್ಲವಂತೆ! 2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ರದ್ದು ಮಾಡಲು ತೀರ್ಮಾನಿಸಿದಾಗ ನಮ್ಮ ಕ್ಯಾಂಟೀನು ಕೆಂಡವಾಗಿತ್ತು.

ಹೌದು ಸ್ವಾಮಿ, ಆ ಕ್ಷಮೆ ನಗೋವಷ್ಟು ಅಗ್ಗದ ಮಾಲಾದರೆ, ಅದನ್ನು ಹಂಚೋರಿಗೆ ಜೈಲು ಯಾಕೆ ಬೇಕು?