ಒಂದೇ ಹರಿವಾಣ, ಎರಡು ನೇಮ



ಪರದೇಶಕ್ಕೆ ಹೊರಟ ನಮ್ಮ ಸೀಮೆಯವರಿಗೆ ಉಡುವ ಚಿಂತೆಗಿಂತ ಉಣ್ಣುವ ಚಿಂತೆ ದೊಡ್ಡದು. ಜಮಖಂಡಿಯಿಂದಾಗಲಿ, ಮುಧೋಳ, ಬೀಳಗಿಗಳಿಂದಾಗಲಿ ಹೊರಟವರ ಪೆಟ್ಟಿಗೆಯ ಅರ್ಧವನ್ನು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬೇಸನ್ ಉಂಡಿಗಳೇ ತುಂಬಿರುತ್ತವೆ. ಇದನ್ನು ಕಂಡು ನಗುವವರುಂಟು. ನಾವು ನಗುವುದಿಲ್ಲ. ಇಷ್ಟಲಿಂಗಕ್ಕೆ ಅರ್ಪಿಸದೆ ಉಣ್ಣದವರು ಹರಿವಾಣದಲ್ಲಿರುವುದು ಏನೆಂದು ತಿಳಿಯದೆ ಕೈಯಿಡುವುದೆಂತು? ಆದರೆ ಕಟ್ಟಿಕೊಂಡು ಹೋದ ಬುತ್ತಿಯೇ ಎದುರಿನವರ ಆದರಕ್ಕೆ ಅಡ್ಡಗೋಡೆಯಾದರೆ ಏನು ಮಾಡಬೇಕು? 2019ರ ಫೆಬ್ರವರಿ ತಿಂಗಳ ಒಂದು ಬುಧವಾರ, ಇಥಿಯೋಪಿಯದ ರಾಜಧಾನಿ ಅಡಿಸ್ ಅಬಾಬದಲ್ಲಿ, ಈ ಪ್ರಶ್ನೆ ನಮ್ಮೆದುರು ಬಂದು ನಿಂತಿತು.

ಕೈಮಗ್ಗದ ಹಳೆಯ ಬಟ್ಟೆಗಳನ್ನು, ಅಂಚು ಸೆರಗುಗಳ ತುಣುಕುಗಳನ್ನು ಕೂಡಿಡುವ ಹವ್ಯಾಸ ನಮ್ಮ ಐದಾರು ಜನರದು. ಬಳಗದ ಒಬ್ಬರ ಮೈದುನರು ಆ ದೇಶದಲ್ಲಿ ಉಪನ್ಯಾಸಕರಾಗಿದ್ದುದರಿಂದ ಅಲ್ಲಿಗೆ ಹೋಗುವ ಅವಕಾಶ ಒದಗಿತು. ನಮ್ಮೊಡನೆ ಬನಹಟ್ಟಿಯ ನೇಕಾರ ಮನೆತನದ ಹಿರಿಯ ತಾಯಿಯೊಬ್ಬರಿದ್ದರು. ಹತ್ತು ದಿನವೂ ತಮ್ಮ ಬುತ್ತಿಯನ್ನೇ ಉಣ್ಣುವೆನೆಂದು ಅವರು ಮೊದಲೇ ಹೇಳಿಬಿಟ್ಟಿದ್ದರು.

ನಗರದ ಉತ್ತರ ಭಾಗದ ಶಿರೋ ಮೇಡ ಎಂಬುದು ನೇಕಾರರ ಕೇರಿ. ದಕ್ಷಿಣದ ಬೆಟ್ಟಗಳಿಂದ ಬಂದ ದೊರ್ಜೆ ಎಂಬ ಜನ ಅಲ್ಲಿ ನೇಯುತ್ತಾರೆ. ಅವರದು ನಮ್ಮ ಕುಣಿಮಗ್ಗವೇ ಸರಿ. ನೆಲದಂಚಿಗೆ ಕುಳಿತು, ಕಾಲುಗಳನ್ನು ಕುಣಿಯಲ್ಲಿಳಿಸಿ ತುಳಿಯುವುದು. ಬಿಳಿಯ ಹತ್ತಿಬಟ್ಟೆಗೆ ಬಣ್ಣದ ಅಂಚು. ಆ ಅಂಚಿಗೆ ತಿಬೆಬ್ ಎಂದು ಹೆಸರು. ಗಂಡಸರು ನೇಯುವುದು, ಹೆಂಗಸರು ನೂಲುವುದು ಅವರ ರೂಢಿ. ನಮ್ಮ ತಾಯಿ ಮಗ್ಗದ ಬಳಿ ಕುಳಿತು ಹಾಸಿನ ಎಳೆಯನ್ನು ಬೆರಳಿನಿಂದ ಮೀಟಿ ನೋಡಿದರು. ಭಾಷೆಯೊಂದೂ ಬಾರದೆ ಅರ್ಧ ತಾಸು ಮಾತುಕತೆ ನಡೆಯಿತು. ಅಂದು ರಾತ್ರಿ, ನಮ್ಮಂತೆಯೇ ಬಟ್ಟೆಯ ಹುಚ್ಚಿನ ಅಲ್ಲಿಯ ಕೆಲವರೊಡನೆ ಆ ನೇಕಾರರ ಮನೆಯಲ್ಲೇ ಊಟವೆಂದು ಗೊತ್ತಾಯಿತು.

ಹುಲ್ಲಿನಿಂದ ಹೆಣೆದ, ಮೆಸೋಬ್ ಎಂಬ ಎತ್ತರದ ಬುಟ್ಟಿಯ ಮೇಲೆ ದೊಡ್ಡ ಹರಿವಾಣ. ಅದರ ತುಂಬ ಹಾಸಿದ ಇಂಜೆರಾ. ತೆಫ್ ಎಂಬುದು ಸಾಸಿವೆಗಿಂತಲೂ ಸಣ್ಣ ಧಾನ್ಯ. ಅದರ ಹಿಟ್ಟನ್ನು ಎರಡು ಮೂರು ದಿನ ಹುಳಿಯಿಟ್ಟು, ಅಗಲವಾದ ಹಂಚಿನ ಮೇಲೆ ಒಂದೇ ಮಗ್ಗುಲು ಬೇಯಿಸಿದರೆ ಇಂಜೆರಾ. ಅದರ ಮೇಲೆ ಬೇಳೆ, ಸೊಪ್ಪು, ಮತ್ತು ಶಿರೋ. ಶಿರೋ ಎಂದರೆ ಕಡಲೆಹಿಟ್ಟನ್ನು ಖಾರ ಹಾಕಿ ಕುದಿಸಿದ್ದು. ನಮ್ಮ ಝುಣಕದ ತೆಳುವಾದ ಅಕ್ಕನೆನ್ನಬಹುದು. ಎಲ್ಲರೂ ಸುತ್ತ ಕುಳಿತು ಆ ಒಂದೇ ಹರಿವಾಣದಲ್ಲಿ ಉಣ್ಣಬೇಕು.

ಬದಿಗೆ ಕೋಚೋ ಎಂಬ ರೊಟ್ಟಿಯೂ ಇತ್ತು. ಎನ್ಸೆಟ್ ಎಂಬ ಗಿಡ ಥೇಟು ಬಾಳೆಯಂತೆಯೇ ಇರುತ್ತದೆ, ಆದರೆ ಅದರ ಹಣ್ಣನ್ನು ತಿನ್ನುವುದಿಲ್ಲ. ದಿಂಡು ಗಡ್ಡೆಗಳ ತಿರುಳನ್ನು ತೆಗೆದು, ಎಲೆ ಹಾಸಿದ ಕುಣಿಯಲ್ಲಿ ತಿಂಗಳುಗಟ್ಟಲೆ ಹುದುಗಿಸಿ, ಬೇಕಾದಾಗ ಅಗೆದು ಬೇಯಿಸುತ್ತಾರೆ. ಜೋಳವನ್ನು ಹಗೇವಿನಲ್ಲಿಟ್ಟು ಬರಗಾಲ ದಾಟಿದ ನಮ್ಮ ಹಿರಿಯರಿಗೆ ಇದರ ಜಾಣ್ಮೆ ಕೂಡಲೇ ತಿಳಿಯುತ್ತಿತ್ತು. ರುಚಿ ಮಾತ್ರ ನಮಗೆ ಹಿಡಿಸಲಿಲ್ಲ. ಹಿಡಿಸಿತೆಂದು ಬರೆದರೆ ಸುಳ್ಳಾದೀತು. ಹುಳಿಯ ವಾಸನೆಗೆ ಬಳಗದ ಒಬ್ಬರು ಕರವಸ್ತ್ರ ಹುಡುಕತೊಡಗಿದ್ದರು.

ಅಷ್ಟರಲ್ಲಿ ಮನೆಯ ಅಜ್ಜಿ ಒಂದು ತುತ್ತನ್ನು ಸುತ್ತಿ ನಮ್ಮ ತಾಯಿಯ ಬಾಯಿಯ ಬಳಿ ಹಿಡಿದರು. ಇದಕ್ಕೆ ಗುರ್ಶಾ ಎನ್ನುತ್ತಾರೆ. ಅತಿಥಿಗೆ ಕೈಯಾರೆ ತುತ್ತಿಡುವುದು ಅಲ್ಲಿಯ ಪ್ರೀತಿ, ಒಲ್ಲೆನೆನ್ನುವುದು ಮರ್ಯಾದೆಯಲ್ಲ. ಮಾತುಗಳೆಲ್ಲ ನಿಂತವು.

“ತಮ್ಮಾ, ಇದರಾಗ ಏನೇನ ಐತಿ ಅಂತ ಕೇಳಪ್ಪಾ” ಎಂದರು ತಾಯಿ, ಉಪನ್ಯಾಸಕರ ಕಡೆ ತಿರುಗಿ.

ಉತ್ತರ ಬಂತು. ಅವರು ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರು. ಬುಧವಾರ, ಶುಕ್ರವಾರ ಅವರಿಗೆ ನೇಮದ ದಿನ. ಮಾಂಸ ಮೊಟ್ಟೆಗಳಿರಲಿ, ಹಾಲು, ಬೆಣ್ಣೆ, ತುಪ್ಪವನ್ನೂ ಮುಟ್ಟುವುದಿಲ್ಲ. ಇಂತಹ ದಿನಗಳು ವರ್ಷಕ್ಕೆ 180ಕ್ಕೂ ಮಿಗಿಲು. ಆ ದಿನಗಳ ಅಡುಗೆಗೆ ಬೇರೆ ಮಣ್ಣಿನ ಗಡಿಗೆಯೇ ಉಂಟೆಂದು ಅಜ್ಜಿ ಅದನ್ನು ತಂದು ತೋರಿಸಿದರು. ತಾಯಿ ಆ ತುತ್ತನ್ನು ಅಂಗೈಯಲ್ಲಿಸಿಕೊಂಡು, ಕಣ್ಣುಮುಚ್ಚಿ ಲಿಂಗಕ್ಕೆ ಅರ್ಪಿಸಿ ಬಾಯಿಗಿಟ್ಟರು.

ಅನಂತರ ತಮ್ಮ ಗಂಟು ಬಿಚ್ಚಿದರು. ಮೊದಲು ಕೊಟ್ಟದ್ದು ಬೇಸನ್ ಉಂಡಿ. ಅಜ್ಜಿ ಮೂಸಿ ನೋಡಿ, ಏನೋ ಕೇಳಿ, ಉಂಡಿಯನ್ನು ಬದಿಗಿಟ್ಟರು. ತುಪ್ಪವಿದೆ, ನಾಳೆ ಗುರುವಾರ ತಿನ್ನುತ್ತೇನೆಂದರಂತೆ. ನಮಗೆ ಎದೆ ಧಸಕ್ಕೆಂದಿತು. ಶುದ್ಧವೆಂದು ನಾವು ಎಲ್ಲರಿಗೂ ಹಂಚುವ ತುಪ್ಪದ ಉಂಡಿ ಅಲ್ಲಿ ನೇಮಕ್ಕೆ ಸಲ್ಲದ ವಸ್ತುವಾಗಿತ್ತು! ತಾಯಿಯ ಮೋರೆ ಒಂದು ಕ್ಷಣ ಬಾಡಿತು, ಬಳಿಕ ಅರಳಿತು. “ನೇಮ ಅಂದ್ರ ಹಿಂಗಿರಬೇಕ ನೋಡ್ರಿ” ಎಂದು ನಮ್ಮತ್ತ ತಿರುಗಿ, ಖಡಕ್ ರೊಟ್ಟಿಯ ಮೇಲೆ ಗುರೆಳ್ಳು ಹಿಂಡಿಯನ್ನಿಟ್ಟು ಅಜ್ಜಿಯ ಬಾಯಿಗೆ ತಾವೇ ತುತ್ತಿಟ್ಟರು.

ಅಜ್ಜಿ ಅಗಿಯುತ್ತಲೇ “ನೂಗ್! ನೂಗ್!” ಎಂದು ಕೂಗಿದರು. ನೂಗ್ ಎಂಬುದು ನಮ್ಮ ಗುರೆಳ್ಳೇ. ಅದು ಮೊದಲು ಬೆಳೆಗೆ ಬಂದದ್ದು ಇಥಿಯೋಪಿಯದ ಎತ್ತರದ ನಾಡಿನಲ್ಲಿ. ನೇಮದ ದಿನದ ಒಗ್ಗರಣೆಗೆ ಅವರು ಬಳಸುವುದು ಅದರ ಎಣ್ಣೆಯನ್ನೇ. ನಮ್ಮ ಜೋಳವೂ ಅದೇ ದಿಕ್ಕಿನದು. ಸುಡಾನಿನ ಪೂರ್ವ ಭಾಗದ ಬಯಲುಗಳಲ್ಲಿ ಮೊದಲು ಒಕ್ಕಲಾಗಿ, ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ನಾಡಿಗೆ ಬಂದಿತು. ಕೃಷ್ಣೆ ಘಟಪ್ರಭೆಗಳ ಎರೆಮಣ್ಣಿನಲ್ಲೇ ಹುಟ್ಟಿತೆಂದು ನಾವು ಹೆಮ್ಮೆಪಡುವ ರೊಟ್ಟಿ ಹಿಂಡಿಗಳೆರಡೂ ಆ ಸೀಮೆಯ ನೆಂಟರು.

ಮಕ್ಕಳು ಆ ದೇಶದಲ್ಲಿರುವ ಮನೆಗಳಿಗೆ ಒಂದು ಮಾತು: ಉಳಿದ ದಿನಗಳಲ್ಲಿ ಅಲ್ಲಿ ಮಾಂಸದಡುಗೆ ಸಾಮಾನ್ಯ, ಹಸಿಮಾಂಸ ತಿನ್ನುವುದೂ ಉಂಟು. ‘ಯೆ ತ್ಸೋಮ್’, ಎಂದರೆ ನೇಮದ ಊಟ, ಎಂದು ಕೇಳಿದರೆ ಏನು ಬೇಕೆಂಬುದು ಅಲ್ಲಿಯವರಿಗೆ ತಿಳಿಯುತ್ತದೆ.

ಕಾಫಿ ಬೀಜವನ್ನು ಎದುರಿಗೇ ಹುರಿದು, ಕುಟ್ಟಿ, ಮೂರು ಸಲ ಕಾಸಿ ಕೊಡುವಷ್ಟರಲ್ಲಿ ರಾತ್ರಿ ಬಹಳವಾಯಿತು. ಮುಂದಿನ ಶುಕ್ರವಾರ ತಾಯಿ ಮತ್ತೆ ಅದೇ ಮನೆಯಲ್ಲಿ ಉಂಡರು. ಮಿಕ್ಕ ದಿನಗಳಲ್ಲಿ ರೊಟ್ಟಿಯೊಡನೆ ಶೇಂಗಾ ಹಿಂಡಿಯನ್ನೇ ಹಚ್ಚಿಕೊಳ್ಳಬೇಕಾಯಿತು. ಗುರೆಳ್ಳು ಹಿಂಡಿಯನ್ನೆಲ್ಲ ಆ ಅಜ್ಜಿಗೇ ಕೊಟ್ಟು ಬಂದಿದ್ದರು.